ಕೊಡಗಿನಲ್ಲಿ ಹಳೆಯದನ್ನು ನೋಡಬೇಕೆಂದರೆ: ಕೋಟೆ, ಗದ್ದಿಗೆ, ಅರಮನೆ, ಬಸದಿ, ಯಾವುದು ಮೊದಲು?

ಮಡಿಕೇರಿಗೆ ಬರುವವರ ಪಟ್ಟಿ ಹೆಚ್ಚುಕಡಿಮೆ ಒಂದೇ. ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ, ತಲಕಾವೇರಿ. ಇವುಗಳ ನಡುವೆ ಎಲ್ಲೋ ಸ್ವಲ್ಪ ಸಮಯ ಉಳಿದರೆ "ಹತ್ತಿರದಲ್ಲಿ ಹಳೆಯ ಕಾಲದ್ದು ಏನಾದರೂ ಇದೆಯಾ?" ಅಂತ ಕೇಳುತ್ತಾರೆ. ಮನೆಗೆ ಬರುವ ನೆಂಟರೂ ಕೇಳುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಅಪರಿಚಿತರೂ ಕೇಳುತ್ತಾರೆ. ಕೋಟೆ ನೋಡಿ ಹೋಗಿ ಅಂದುಬಿಟ್ಟರೆ ಮಾತು ಮುಗಿಯುತ್ತದೆ. ಆದರೆ ಎಲ್ಲರಿಗೂ ಕೋಟೆಯೇ ಸರಿ ಅಂತ ನನಗೆ ಅನಿಸುವುದಿಲ್ಲ.

ಕೊಡಗಿನಲ್ಲಿ ಮೈಸೂರಿನಂಥ ದೊಡ್ಡ ಅರಮನೆ ಇಲ್ಲ, ಹಂಪಿಯಷ್ಟು ಹರಡಿಕೊಂಡ ಊರೂ ಇಲ್ಲ. ಇರುವುದೆಲ್ಲ ಸಣ್ಣದು. ಒಂದು ಅರಮನೆ ಕಾಡಿನ ಬುಡದಲ್ಲಿ, ಮೂರು ಬಸದಿ ಒಂದು ಹಳ್ಳಿಯಲ್ಲಿ, ಒಂದು ಮ್ಯೂಸಿಯಂ ಹಳೆಯ ಚರ್ಚಿನೊಳಗೆ. ಇವುಗಳಲ್ಲಿ ನಾಲ್ಕೈದು ಕಡೆ ಸುಮ್ನೆ ಕಾಲಿಟ್ಟು ಬರುವುದಕ್ಕಿಂತ ಎರಡೇ ಕಡೆ ಹೋಗಿ ನಿಧಾನವಾಗಿ ನೋಡಿ ಬನ್ನಿ ಅಂತಲೇ ನಾನು ಹೇಳುವುದು. ಆ ಎರಡನ್ನು ಆರಿಸುವಾಗ ಎಷ್ಟು ಕಿಲೋಮೀಟರ್ ಅಂತ ಮಾತ್ರ ನೋಡಬೇಡಿ. ಯಾರ ಕಥೆ ಬೇಕು ಅಂತ ನೋಡಿ.

ಮೊದಲು ಸ್ವಲ್ಪ ಹಿನ್ನೆಲೆ, ಯಾಕೆಂದರೆ ಇದು ಗೊತ್ತಿಲ್ಲದಿದ್ದರೆ ಮಡಿಕೇರಿಯ ಕಟ್ಟಡಗಳು ಬರೀ ಗೋಡೆಯಾಗಿ ಕಾಣುತ್ತವೆ. ಕೊಡಗನ್ನು 1834ರವರೆಗೆ ಆಳಿದವರು ಹಾಲೇರಿ ಅರಸರು, ವೀರಶೈವರು. ಅವರಲ್ಲಿ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದ. ಮುದ್ದುರಾಜನಕೇರಿಯೇ ಮಡಿಕೇರಿ ಆಯಿತು ಅನ್ನುತ್ತಾರೆ. ಆಮೇಲೆ ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದು ಕೊಡಗನ್ನು ಮತ್ತೆ ಗೆದ್ದ ದೊಡ್ಡ ವೀರರಾಜೇಂದ್ರ. ಅವನ ತಮ್ಮ ಲಿಂಗರಾಜೇಂದ್ರ. ಲಿಂಗರಾಜೇಂದ್ರನ ಮಗ, ಕೊನೆಯ ಅರಸ, ಚಿಕ್ಕ ವೀರರಾಜೇಂದ್ರ. ಕೋಟೆ, ಗದ್ದಿಗೆ (ಅಂದರೆ ಅರಸರ ಸಮಾಧಿ), ಓಂಕಾರೇಶ್ವರ ದೇವಸ್ಥಾನ, ನಾಲ್ಕುನಾಡು ಅರಮನೆ, ಈ ನಾಲ್ಕೂ ಕಡೆ ನಿಮಗೆ ಸಿಗುವುದು ಈ ಮೂವರೇ.

ಕೋಟೆಯೋ, ಗದ್ದಿಗೆಯೋ?

ಮಡಿಕೇರಿ ಪೇಟೆಯಲ್ಲೇ ಉಳಿಯುವವರಿಗೆ ನಿಜವಾದ ಪ್ರಶ್ನೆ ಇದು. ಎರಡೂ ಹತ್ತಿರದಲ್ಲೇ ಇವೆ. ಕೋಟೆಗೆ ಎಲ್ಲರೂ ಹೋಗುತ್ತಾರೆ, ಗದ್ದಿಗೆಗೆ ಹೋಗುವವರು ಕಡಿಮೆ.

ಕೋಟೆಯಲ್ಲಿ ನೋಡುವುದು ಜಾಸ್ತಿ ಇದೆ, ಅದು ನಿಜ. ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟವನು ಟಿಪ್ಪು ಸುಲ್ತಾನ್. 1790ರಲ್ಲಿ ದೊಡ್ಡ ವೀರರಾಜೇಂದ್ರ ಅದನ್ನು ವಾಪಸ್ ತೆಗೆದುಕೊಂಡ. ಈಗ ಕಾಣುವ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ನಡುವೆ ಹೊಸದಾಗಿ ಮಾಡಿಸಿದ್ದು. ಬ್ರಿಟಿಷರು ಬಂದ ಮೇಲೆ 1933ರಲ್ಲಿ ಅದಕ್ಕೊಂದು ಗಡಿಯಾರದ ಗೋಪುರವನ್ನೂ ಕಮಿಷನರ್ ಸಾಹೇಬರ ಕಾರು ನಿಲ್ಲಿಸಲು ಒಂದು ಪೋರ್ಟಿಕೋವನ್ನೂ ಸೇರಿಸಿದರು. ಆ ಪೋರ್ಟಿಕೋ ಮುಂದೆ ಒಂದು ನಿಮಿಷ ನಿಂತು ನೋಡಿ. ರಾಜನ ಮನೆಗೆ ಸಾಹೇಬರ ಕಾರ್ ಶೆಡ್ ಅಂಟಿಕೊಂಡಿದೆ. ಕೊಡಗಿನ ನೂರು ವರ್ಷದ ಬದಲಾವಣೆ ಅಷ್ಟು ಜಾಗದಲ್ಲೇ ಕಾಣುತ್ತದೆ.

ಕೋಟೆಯ ಬಾಗಿಲಿನ ದಾರಿ ನೇರವಾಗಿಲ್ಲ, ತಿರುವು ತಿರುವಾಗಿ ಒಳಗೆ ಹೋಗುತ್ತದೆ. ಶತ್ರು ಒಂದೇ ಓಟಕ್ಕೆ ನುಗ್ಗಬಾರದು ಅಂತ ಹಾಗೆ ಕಟ್ಟಿದ್ದು. ಒಳಗೆ ಬಂದ ಮೇಲೆ ಮಕ್ಕಳು ಓಡುವುದು ಆನೆಗಳ ಕಡೆಗೆ. ಗಾರೆಯಲ್ಲಿ ಮಾಡಿದ, ನಿಜವಾದ ಆನೆಯಷ್ಟೇ ದೊಡ್ಡ ಎರಡು ಆನೆಗಳು ಮೂಲೆಯಲ್ಲಿ ನಿಂತಿವೆ. ಅರಮನೆಯ ಒಳ ಅಂಗಳದಲ್ಲಿ ಒಂದು ಕಲ್ಲಿನ ಆಮೆಯಿದೆ. ಒಳಗೆ ಬಿಟ್ಟ ದಿನ ಹೋದರೆ ಅದನ್ನು ತಪ್ಪಿಸಬೇಡಿ. ಅರಮನೆಯಲ್ಲಿ ಎಲ್ಲ ಕಡೆ ಓಡಾಡಲು ಬಿಡುವುದಿಲ್ಲ, ದುರಸ್ತಿ ನಡೆಯುವಾಗ ಇನ್ನೂ ಕಡಿಮೆ. ತುಂಬಾ ವರ್ಷ ಇದು ಸರ್ಕಾರಿ ಕಚೇರಿಗಳ ಜಾಗವಾಗಿತ್ತು. ಹಾಗಾಗಿ ಸಿಂಹಾಸನ, ದರ್ಬಾರು, ರೇಷ್ಮೆ ಪರದೆ ಅಂತ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆಯಾಗುತ್ತದೆ.

ಕೋಟೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯದ ರೈತರ ದಂಗೆಯಲ್ಲಿ ಮುಂದೆ ನಿಂತಿದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಈ ಕೋಟೆಯಲ್ಲೇ. 1857ಕ್ಕಿಂತ ಇಪ್ಪತ್ತು ವರ್ಷ ಮೊದಲು ಅದು. ಸೆಲ್ಫಿ ತೆಗೆದುಕೊಂಡು ಹೊರಡುವವರಿಗೆ ಈ ವಿಷಯ ಗೊತ್ತೇ ಇರುವುದಿಲ್ಲ. ಜೊತೆಯಲ್ಲಿ ದೊಡ್ಡ ಮಕ್ಕಳಿದ್ದರೆ ಅಲ್ಲೇ ನಿಲ್ಲಿಸಿ ಹೇಳಿ.

ಈಗ ಗದ್ದಿಗೆ. ಪೇಟೆಯಿಂದ ಮಹದೇವಪೇಟೆ ಕಡೆಗೆ ಹೋಗಿ ಸ್ವಲ್ಪ ಏರು ಹತ್ತಿದರೆ ಹುಲ್ಲುಗಾವಲಿನ ನಡುವೆ ಗುಮ್ಮಟಗಳು ಕಾಣುತ್ತವೆ. ದೂರದಿಂದ ನೋಡಿದವರು ದರ್ಗಾ ಅಂದುಕೊಳ್ಳುತ್ತಾರೆ. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಹತ್ತಿರ ಹೋಗಿ ಕತ್ತೆತ್ತಿ ನೋಡಿದರೆ ಮೂಲೆಗಳಲ್ಲಿ ನಂದಿ ಕೂತಿರುತ್ತದೆ. ಒಳಗೆ ಸಮಾಧಿಯ ಮೇಲೆ ಶಿವಲಿಂಗ. ವೀರಶೈವ ಅರಸರನ್ನು ಹೂಳುವ ಪದ್ಧತಿ, ಮುಸ್ಲಿಂ ಗೋರಿಯ ಗುಮ್ಮಟ, ಶಿವನ ನಂದಿ, ಮೂರೂ ಒಂದೇ ಕಟ್ಟಡದಲ್ಲಿ ಯಾವ ತಕರಾರೂ ಇಲ್ಲದೆ ಸೇರಿಕೊಂಡಿವೆ. ಕೊಡಗಿನ ಯಾವ ಪುಸ್ತಕಕ್ಕಿಂತಲೂ ಈ ಮೂಲೆಯ ನಂದಿ ನನಗೆ ಆ ಕಾಲದ ಬಗ್ಗೆ ಜಾಸ್ತಿ ಹೇಳಿದೆ.

ಮಧ್ಯದ ದೊಡ್ಡ ಕಟ್ಟಡದಲ್ಲಿರುವುದು ದೊಡ್ಡ ವೀರರಾಜೇಂದ್ರ ಮತ್ತು ಅವನ ರಾಣಿ ಮಹದೇವಮ್ಮಾಜಿ. ಅದರ ಬಲಕ್ಕೆ ಲಿಂಗರಾಜೇಂದ್ರ ಮತ್ತು ರಾಣಿ ದೇವಮ್ಮಾಜಿಯ ಗದ್ದಿಗೆ. ಅದನ್ನು ಮಗ ಚಿಕ್ಕ ವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ. ಎಡಕ್ಕೆ ರಾಜಗುರು ರುದ್ರಪ್ಪನದು, 1834ರದು. ಆ ವರ್ಷವೇ ಚಿಕ್ಕ ವೀರರಾಜೇಂದ್ರ ರಾಜ್ಯ ಕಳೆದುಕೊಂಡ. ಅವನಿಗೆ ಇಲ್ಲಿ ಗದ್ದಿಗೆ ಇಲ್ಲ. ಬ್ರಿಟಿಷರು ಅವನನ್ನು ಕಾಶಿಗೆ ಕಳಿಸಿದರು. ಅಲ್ಲಿಂದ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. 1852ರಲ್ಲಿ ಗೌರಮ್ಮನಿಗೆ ಕ್ರೈಸ್ತ ದೀಕ್ಷೆ ಕೊಟ್ಟಾಗ ವಿಕ್ಟೋರಿಯಾ ರಾಣಿಯೇ ಗಾಡ್‌ಮದರ್ ಆಗಿ ನಿಂತಳು. ರಾಜ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಅಪ್ಪನಿಗೆ ಇಷ್ಟು ಚೆಂದದ ಗುಮ್ಮಟ ಕಟ್ಟಿಸಿದ ಮಗನಿಗೆ ಸ್ವಂತ ನೆಲದಲ್ಲಿ ಒಂದು ಕಲ್ಲೂ ಸಿಗಲಿಲ್ಲ.

ಆ ಆವರಣದಲ್ಲೇ ಇನ್ನೆರಡು ಸಣ್ಣ ಸಮಾಧಿಗಳಿವೆ. ಬಿದ್ದಂಡ ಬೋಪು ಮತ್ತು ಅವನ ಮಗ ಬಿದ್ದಂಡ ಸೋಮಯ್ಯ, ರಾಜನ ಸೇನೆಯ ಕೊಡವ ದಂಡನಾಯಕರು. ಬಂದವರಲ್ಲಿ ಹೆಚ್ಚಿನವರು ದೊಡ್ಡ ಗುಮ್ಮಟದ ಫೋಟೋ ತೆಗೆದು ಇವನ್ನು ನೋಡದೆ ಇಳಿದುಬಿಡುತ್ತಾರೆ. ರಾಜ ತನ್ನ ಪಕ್ಕದಲ್ಲೇ ದಂಡನಾಯಕನಿಗೂ ಜಾಗ ಕೊಟ್ಟಿದ್ದಾನೆ. ಅದನ್ನು ಕಂಡರೆ ಹೊರಗಿನಿಂದ ಬಂದ ಅರಸು ಮನೆತನಕ್ಕೂ ಕೊಡವ ಒಕ್ಕಗಳಿಗೂ (ಕುಲದ ಮನೆತನಗಳಿಗೂ) ಇದ್ದ ಸಂಬಂಧ ಸ್ವಲ್ಪ ಅರ್ಥವಾಗುತ್ತದೆ.

ಹಾಗಾದರೆ ಯಾವುದು? ಒಂದೇ ಒಂದು ಗಂಟೆ ಇದ್ದು, ಮಳೆ ಇಲ್ಲದಿದ್ದರೆ ಗದ್ದಿಗೆಗೆ ಹೋಗಿ. ಇಲ್ಲಿ ಏನೂ ಕೆಡಿಸಿಲ್ಲ, ಏನೂ ಸೇರಿಸಿಲ್ಲ. ಕಚೇರಿ ಬಂದು ಕೂತಿಲ್ಲ. ಕಟ್ಟಿದವನು ಏನು ಹೇಳಬೇಕೆಂದಿದ್ದನೋ ಅದನ್ನು ಕಟ್ಟಡ ಈಗಲೂ ಹೇಳುತ್ತಿದೆ. ಮಳೆ ಸುರಿಯುತ್ತಿದ್ದರೆ, ಅಥವಾ ಸಣ್ಣ ಮಕ್ಕಳಿದ್ದರೆ ಕೋಟೆಯೇ ಸರಿ. ಅಲ್ಲಿ ನೆರಳಿದೆ, ತಲೆಯ ಮೇಲೆ ಮಾಡು ಇದೆ, ಆನೆಗಳಿವೆ, ಮ್ಯೂಸಿಯಂ ಇದೆ. ಪೇಟೆಯ ನಡುವೆಯೇ ಇರುವುದರಿಂದ ಕಾಫಿಗೂ ದೂರ ಹೋಗಬೇಕಿಲ್ಲ.

ಗದ್ದಿಗೆ ನೋಡಿದವರು ಓಂಕಾರೇಶ್ವರ ದೇವಸ್ಥಾನವನ್ನೂ ಅದೇ ದಿನ ನೋಡಿದರೆ ಒಳ್ಳೆಯದು. ಅದು ಲಿಂಗರಾಜೇಂದ್ರ ಕಟ್ಟಿಸಿದ್ದು, 1820ರದು. ಲಿಂಗವನ್ನು ಕಾಶಿಯಿಂದ ತರಿಸಿದನಂತೆ. ಇಲ್ಲೂ ಅದೇ ಗುಮ್ಮಟ, ಅದೇ ನಾಲ್ಕು ಮಿನಾರು, ಮುಂದೆ ಕೆರೆ, ಕೆರೆಯ ನಡುವೆ ಮಂಟಪ, ಅದಕ್ಕೆ ಹೋಗಲು ಸಣ್ಣ ದಾರಿ. ಕೊಂದ ಬ್ರಾಹ್ಮಣ ಬ್ರಹ್ಮರಾಕ್ಷಸನಾಗಿ ಕಾಡಿದ್ದಕ್ಕೆ ರಾಜ ಈ ಗುಡಿ ಕಟ್ಟಿಸಿದ ಅನ್ನುವ ಕಥೆಯನ್ನು ಊರವರು ಈಗಲೂ ಹೇಳುತ್ತಾರೆ. ಕಿಟಕಿಯ ಲೋಹದ ಸರಳುಗಳನ್ನು ಹತ್ತಿರದಿಂದ ನೋಡಿ, 'ಲಿಂ' ಅಂತ ಅಕ್ಷರ ಕೂಡಿಸಿದ್ದಾರೆ. ರಾಜನ ಸಹಿ ಅದು. ಗದ್ದಿಗೆಯಲ್ಲಿ ಗುಮ್ಮಟದ ಕೆಳಗೆ ಗೋರಿ, ಇಲ್ಲಿ ಗುಮ್ಮಟದ ಕೆಳಗೆ ಪೂಜೆ. ಇವೆರಡನ್ನು ಒಂದರ ಹಿಂದೆ ಒಂದು ನೋಡಿದರೆ ಆ ಮನೆತನದ ಕಟ್ಟುವ ರೀತಿ ಕಣ್ಣಿಗೆ ಕೂತುಬಿಡುತ್ತದೆ.

ಎರಡು ಮ್ಯೂಸಿಯಂಗಳಲ್ಲಿ ಒಂದು ನೋಡುವುದಾದರೆ

ಮಡಿಕೇರಿಯಲ್ಲಿ ಮ್ಯೂಸಿಯಂ ಅಂತ ಹೇಳಿಕೊಳ್ಳುವಂಥವು ಎರಡು. ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯ, ಮತ್ತೆ ಜನರಲ್ ತಿಮ್ಮಯ್ಯ ಮ್ಯೂಸಿಯಂ.

ಕೋಟೆಯೊಳಗಿನದು ಸೇಂಟ್ ಮಾರ್ಕ್ಸ್ ಚರ್ಚ್ ಆಗಿದ್ದ ಕಟ್ಟಡ. ಬ್ರಿಟಿಷರು 1855ರಲ್ಲಿ ಕಟ್ಟಿದರು. ಅದಕ್ಕೂ ಮೊದಲು ಅದೇ ಜಾಗದಲ್ಲಿ ವೀರಭದ್ರನ ಗುಡಿ ಇತ್ತು, ಅದನ್ನು ತೆಗೆಸಿಯೇ ಚರ್ಚ್ ಬಂದದ್ದು. ಸ್ವಾತಂತ್ರ್ಯ ಬಂದ ಮೇಲೆ ಪ್ರಾರ್ಥನೆಗೆ ಬರುವವರಿಲ್ಲದೆ ಚರ್ಚ್ ಮುಚ್ಚಿತು, 1971ರಲ್ಲಿ ಸರ್ಕಾರದ ಕೈಗೆ ಬಂತು. ಈಗ ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಸುತ್ತಮುತ್ತಲಿನ ಊರುಗಳಿಂದ ತಂದ ಶಿಲ್ಪಗಳು, ಹಳೆಯ ಆಯುಧಗಳು. ಕೊಡಗಿನಲ್ಲಿ ಕೊಲ್ಲೆಕಲ್ಲು ಅನ್ನುವ ವೀರಗಲ್ಲುಗಳನ್ನು ಇಲ್ಲಿ ಹತ್ತಿರದಿಂದ ನೋಡಬಹುದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಮುಂದೆ ಅವನು. ವೀರಗಲ್ಲನ್ನು ಯಾವತ್ತೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಇದನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳು ಒಂದೊಂದು ಕಲ್ಲಿನ ಮುಂದೆಯೂ ನಿಲ್ಲುತ್ತಾರೆ.

ಇದು ಚಿಕ್ಕ ಮ್ಯೂಸಿಯಂ. ಫಲಕಗಳಲ್ಲಿ ವಿವರ ಕಡಿಮೆ, ಬೆಳಕು ಮಂದ. ಗೊತ್ತಿರುವವರು ಜೊತೆಗಿದ್ದರೆ ಮಾತ್ರ ಬಾಯಿಬಿಡುವ ಜಾಗ.

ಜನರಲ್ ತಿಮ್ಮಯ್ಯ ಮ್ಯೂಸಿಯಂ ಇದಕ್ಕೆ ತದ್ವಿರುದ್ಧ. ಅಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ. ತಿಮ್ಮಯ್ಯನವರು ಬೆಳೆದ 'ಸನ್ನಿ ಸೈಡ್' ಅನ್ನುವ ಮನೆಯೇ ಮ್ಯೂಸಿಯಂ. ಈ ಮನೆಯಲ್ಲೂ ಬಹಳ ಕಾಲ ಸರ್ಕಾರಿ ಕಚೇರಿ ಇತ್ತು. ಡ್ರೈವಿಂಗ್ ಲೈಸೆನ್ಸಿಗೆ ಅಂತ ಈ ಮನೆಗೆ ಹೋದ ನೆನಪು ಮಡಿಕೇರಿಯ ಎಷ್ಟೋ ಜನಕ್ಕಿದೆ. ಆಮೇಲೆ ಮನೆಯನ್ನು ಸರಿಮಾಡಿ, 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು.

ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಬ್ರಿಗೇಡ್ ಮುನ್ನಡೆಸಿದರು. 1948ರ ನವೆಂಬರಿನಲ್ಲಿ, ಸುಮಾರು ಹನ್ನೊಂದೂವರೆ ಸಾವಿರ ಅಡಿ ಎತ್ತರದ ಜೊಜಿಲಾಕ್ಕೆ ಟ್ಯಾಂಕ್ ಹತ್ತಿಸಿ ಲಡಾಖಿನ ದಾರಿ ತೆರೆದ ಕಾರ್ಯಾಚರಣೆ ಅವರದೇ. ಕೊರಿಯಾ ಯುದ್ಧ ಮುಗಿದಾಗ ಯುದ್ಧಕೈದಿಗಳನ್ನು ಅವರವರ ಊರಿಗೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಕಮಾಂಡರ್ ಆಗಿರುವಾಗಲೇ ತೀರಿಕೊಂಡರು. ಮುಂದಿನ ವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಇಷ್ಟೆಲ್ಲ ಮಾಡಿದ ಮನುಷ್ಯ ಆಟವಾಡಿ ಬೆಳೆದ ಕೋಣೆಗಳಲ್ಲಿ ನಡೆಯುತ್ತಾ ಅದನ್ನು ಓದುವುದಿದೆಯಲ್ಲ, ಅದಕ್ಕೆ ಬೇರೆಯದೇ ತೂಕ. ಹೊರಗೆ ಯುದ್ಧಸ್ಮಾರಕ ಇದೆ, ಟ್ಯಾಂಕ್ ಇದೆ.

ಮಕ್ಕಳು, ಶಾಲೆಯ ಗುಂಪು, ಕೊಡಗಿಗೆ ಮೊದಲ ಸಲ ಬಂದವರು, ಇವರಿಗೆಲ್ಲ ತಿಮ್ಮಯ್ಯ ಮ್ಯೂಸಿಯಂ. ಯಾರ ಸಹಾಯವೂ ಬೇಡ, ತಾನಾಗೇ ಅರ್ಥವಾಗುತ್ತದೆ. ಶಾಸನ, ಶಿಲ್ಪ, ಕಲ್ಲಿನ ಕೆಲಸದಲ್ಲಿ ಮನಸ್ಸಿರುವವರಿಗೆ ಚರ್ಚಿನ ಮ್ಯೂಸಿಯಂ. ಹಳೆಯ ಖಾಸಗಿ ಬಸ್ ಸ್ಟ್ಯಾಂಡಿನ ಹತ್ತಿರ ಹೋದಾಗ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆಯನ್ನೂ ನೋಡಿ. 1965ರ ಯುದ್ಧದಲ್ಲಿ ಪ್ರಾಣ ಕೊಟ್ಟ ಪೈಲಟ್. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ಆದ ಮೇಲೆ.

ಒಂದು ಇಡೀ ದಿನ ಇದ್ದರೆ: ನಾಲ್ಕುನಾಡೋ, ಮುಳ್ಳೂರೋ?

ಪೇಟೆ ಬಿಟ್ಟು ಹೊರಗೆ ಹೋಗುವವರಿಗೆ ಎರಡು ದಿಕ್ಕು. ನೈಋತ್ಯಕ್ಕೆ ಕಕ್ಕಬ್ಬೆ ಕಡೆ ನಾಲ್ಕುನಾಡು ಅರಮನೆ. ಈಶಾನ್ಯಕ್ಕೆ ಶನಿವಾರಸಂತೆ ಕಡೆ ಮುಳ್ಳೂರಿನ ಬಸದಿಗಳು. ಒಂದೇ ದಿನ ಎರಡೂ ಮಾಡಲು ಹೋಗಬೇಡಿ. ಕೊಡಗಿನ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ಅಂದರೆ ಬಯಲುಸೀಮೆಯ ನಲವತ್ತಲ್ಲ.

ನಾಲ್ಕುನಾಡು ಅರಮನೆಯನ್ನು ನಾನು ಕೊಡಗಿನ ಎಲ್ಲ ಹಳೆಯ ಕಟ್ಟಡಗಳಿಗಿಂತ ಮೇಲೆ ಇಡುತ್ತೇನೆ. ಯವಕಪಾಡಿ ಗ್ರಾಮದಲ್ಲಿ, ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಇದೆ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಲು ಶುರುಮಾಡಿ 1794ಕ್ಕೆ ಮುಗಿಸಿದ. ಸೆರೆಮನೆ ಕಂಡು ಬಂದ ರಾಜ, ಕೋಟೆಯೊಂದನ್ನೇ ನಂಬಿ ಕೂರಲಿಲ್ಲ. ಸುತ್ತ ದಟ್ಟ ಕಾಡು, ಹಿಂದೆ ಬೆಟ್ಟ, ಇಂಥ ಜಾಗ ಹುಡುಕಿ ಕಟ್ಟಿಸಿದ.

ಅರಮನೆ ಅಂದರೆ ಒಂದು ದೊಡ್ಡ ಮನೆಯಷ್ಟೇ. ಎರಡು ಅಂತಸ್ತು, ಹೆಂಚಿನ ಮಾಡು, ಮರದ ಕಂಬಗಳು, ಕೆತ್ತನೆಯ ತೊಲೆಗಳು. ಒಳಗೆ ಹೋಗುವಾಗ ತಲೆ ಬಗ್ಗಿಸಬೇಕು. ಗೋಡೆಗಳ ಮೇಲೆ ಚಿತ್ರಗಳಿವೆ, ಬಣ್ಣ ಮಾಸಿದೆ, ಕೆಲವು ಕಡೆ ಬರೀ ಗೆರೆ ಉಳಿದಿದೆ. ಕಣ್ಣು ಕತ್ತಲೆಗೆ ಒಗ್ಗುವವರೆಗೆ ಐದು ನಿಮಿಷ ಸುಮ್ನೆ ನಿಲ್ಲಿ. ಆಮೇಲೆ ಒಂದೊಂದೇ ಆಕಾರ ಕಾಣತೊಡಗುತ್ತದೆ. ಬೆಳಕಿಲ್ಲದ ಕೋಣೆಗಳಿವೆ. ಹೊರಗಿನವರನ್ನು ಒಳಗಿನಿಂದ ಕಾಣುವ, ಒಳಗಿನವರು ಹೊರಗೆ ಕಾಣದ ಸಣ್ಣ ಕಂಡಿಗಳಿವೆ. ಒಂದು ಕಂಡಿಗೆ ಕಣ್ಣಿಟ್ಟು ಅಂಗಳ ನೋಡಿದರೆ ಈ ಮನೆ ಯಾಕೆ ಕಟ್ಟಿದರು ಅನ್ನುವುದನ್ನು ಯಾರೂ ವಿವರಿಸಬೇಕಿಲ್ಲ.

ಅಂಗಳದ ಮುಂದೆ ಒಂದು ಪುಟ್ಟ ಮಂಟಪ. 1796ರಲ್ಲಿ ದೊಡ್ಡ ವೀರರಾಜೇಂದ್ರ ಮಹದೇವಮ್ಮನನ್ನು ಮದುವೆಯಾದದ್ದು ಇಲ್ಲೇ. ಗದ್ದಿಗೆಯ ಮಧ್ಯದ ಗುಮ್ಮಟದ ಕೆಳಗೆ ಅವನ ಪಕ್ಕದಲ್ಲಿ ಇರುವವಳು ಇದೇ ಮಹದೇವಮ್ಮ. ಗದ್ದಿಗೆ ನೋಡಿ ಆಮೇಲೆ ಇಲ್ಲಿಗೆ ಬಂದವರಿಗೆ ಈ ಮಂಟಪ ಬೇರೆಯದೇ ಆಗಿ ಕಾಣುತ್ತದೆ. ಅದಕ್ಕೇ ನಾನು ಮೊದಲು ಗದ್ದಿಗೆ, ಮರುದಿನ ನಾಲ್ಕುನಾಡು ಅನ್ನುವುದು. 1834ರಲ್ಲಿ ಬ್ರಿಟಿಷ್ ಸೈನ್ಯ ಕೊಡಗಿಗೆ ನುಗ್ಗಿದಾಗ ಚಿಕ್ಕ ವೀರರಾಜೇಂದ್ರ ಬಂದು ಅಡಗಿದ್ದು ಕೂಡ ಈ ಮನೆಯಲ್ಲೇ. ದೊಡ್ಡಪ್ಪ ಮದುವೆಯಾದ ಮನೆಯಿಂದ ಎದ್ದು ಹೋಗಿ ಶರಣಾದ. ಹಾಲೇರಿ ಅರಸರ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಬೇಸರದ ವಿಷಯ ಒಂದಿದೆ. ಆ ಗೋಡೆಗಳ ಮೇಲೆ ಬಂದವರು ಕೀಲಿಕೈಯಿಂದ ಹೆಸರು ಗೀಚಿದ್ದಾರೆ. ಇನ್ನೂರು ವರ್ಷದ ಚಿತ್ರದ ಮೇಲೆ ಹೃದಯದ ಗುರುತು. ನೋಡಿದಾಗ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಗೋಡೆ ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ, ಮಕ್ಕಳನ್ನು ಕೈ ಹಿಡಿದುಕೊಂಡೇ ಒಳಗೆ ಕರೆದುಕೊಂಡು ಹೋಗಿ. ನೋಡಿಕೊಳ್ಳುವ ಸಿಬ್ಬಂದಿ ಇದ್ದರೆ ಅವರ ಹತ್ತಿರ ಮಾತಾಡಿ. ಯಾವ ಕೋಣೆ ಯಾವುದಕ್ಕೆ ಅಂತ ಅವರು ತೋರಿಸುವಷ್ಟು ಚೆನ್ನಾಗಿ ಯಾವ ಫಲಕವೂ ತೋರಿಸುವುದಿಲ್ಲ.

ಮುಳ್ಳೂರಿನ ರುಚಿಯೇ ಬೇರೆ. ಇಲ್ಲಿ ಹಾಲೇರಿ ಅರಸರ ನೆರಳೂ ಇಲ್ಲ. ಅವರಿಗಿಂತ ಐನೂರು ವರ್ಷಕ್ಕೂ ಹಿಂದೆ, ಉತ್ತರ ಕೊಡಗನ್ನು ಆಳಿದವರು ಕೊಂಗಾಳ್ವರು, ಚೋಳರ ಸಾಮಂತರು. ಹನ್ನೊಂದನೇ ಶತಮಾನದ ಮೂರು ಜೈನ ಬಸದಿಗಳು ಒಂದೇ ಆವರಣದಲ್ಲಿವೆ: ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ. 1058ರ ಶಾಸನ ಇಲ್ಲಿಯದು. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿ ಬಸದಿ ಮಾಡಿಸಿದ ವಿಷಯ, ಗುರು ಗುಣಸೇನ ಪಂಡಿತರ ಹೆಸರು, ಎಲ್ಲ ಇಲ್ಲಿನ ಶಾಸನಗಳಲ್ಲಿ ಬರುತ್ತದೆ. ಕೊಡಗು ಅಂದರೆ ಕೊಡವರು, ಕಾಫಿ, ಸೈನ್ಯ ಅಂತಷ್ಟೇ ತಿಳಿದವರಿಗೆ ಸಾವಿರ ವರ್ಷದ ಹಿಂದೆ ಇಲ್ಲಿ ಕನ್ನಡ ಶಾಸನ ಬರೆಸಿ ಬಸದಿ ಕಟ್ಟಿಸಿದ ಒಬ್ಬ ರಾಜಮಾತೆ ಇದ್ದಳು ಅನ್ನುವುದು ಹೊಸ ಸುದ್ದಿ, ಅಲ್ವಾ?

ಬಸದಿಗಳ ಹೊರಗೋಡೆ ಸಾದಾ. ಬೇಲೂರು ಹಳೇಬೀಡಿನ ಕೆತ್ತನೆ ನೋಡಿ ಬಂದ ಕಣ್ಣಿಗೆ ಮೊದಲು ಏನೂ ಇಲ್ಲ ಅನಿಸುತ್ತದೆ. ಹೊಯ್ಸಳರಿಗಿಂತ ಮೊದಲಿನ ಕಟ್ಟಡ ಹೇಗಿತ್ತು ಅನ್ನುವುದು ಗೊತ್ತಾಗುವುದು ಈ ಸಾದಾತನದಲ್ಲೇ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಗಡಿ, ಹೋಟೆಲ್ ಏನೂ ನಿರೀಕ್ಷಿಸಬೇಡಿ. ನೀರು, ತಿಂಡಿ ಶನಿವಾರಸಂತೆಯಲ್ಲೇ ಮುಗಿಸಿಕೊಂಡು ಹೋಗಿ.

ಮೊದಲ ಸಲ ಬಂದವರು, ಕಥೆ ಕೇಳುವುದು ಇಷ್ಟ ಇರುವವರು, ಕಾಡು ಬೆಟ್ಟ ಬೇಕು ಅನ್ನುವವರು ನಾಲ್ಕುನಾಡಿಗೆ ಹೋಗಿ. ಅಲ್ಲಿಂದ ಹತ್ತಿರದಲ್ಲೇ ಪಾಡಿ ಇಗ್ಗುತಪ್ಪ ದೇವಸ್ಥಾನ ಇದೆ. ಕೊಡವರಿಗೆ ಮಳೆ ಬೆಳೆ ಕೊಡುವ ದೇವರು, ಪುತ್ತರಿ ಅನ್ನುವ ಸುಗ್ಗಿ ಹಬ್ಬದ ದಿನ ಗೊತ್ತುಮಾಡುವುದು ಅಲ್ಲೇ. ಕೊಡಗನ್ನು ಈಗಾಗಲೇ ಒಂದೆರಡು ಸಲ ಸುತ್ತಿದವರು, ಹಾಸನ ಸಕಲೇಶಪುರ ಕಡೆಯಿಂದ ಬರುವವರು ಮುಳ್ಳೂರು ಆರಿಸಿಕೊಳ್ಳಿ. ಅವರಿಗೆ ದಾರಿಯೂ ಹತ್ತಿರ.

ತಲಕಾವೇರಿಗೆ ಹೇಗೂ ಹೋಗುವವರಿಗೆ ಒಂದು ಸೂಚನೆ. ಕೆಳಗಿನ ಭಾಗಮಂಡಲದಲ್ಲಿ ಕೈಮುಗಿದು ಓಡಬೇಡಿ. ಭಗಂಡೇಶ್ವರ ದೇವಸ್ಥಾನ ಕೇರಳ ಶೈಲಿಯದು, ತಾಮ್ರದ ಮಾಡು, ಮರದ ಕೆತ್ತನೆ. ತಲೆ ಎತ್ತಿ ಒಳಮಾಡು ನೋಡಿ.

ಐನ್‌ಮನೆ: ಟಿಕೆಟ್ ಇಲ್ಲದ ಜಾಗ

ಇಷ್ಟೂ ಹೇಳಿದ್ದು ರಾಜರದು, ಸಾಹೇಬರದು, ಸೇನಾಪತಿಯದು. ಕೊಡಗಿನ ನಿಜವಾದ ಹಳೆಯ ಕಟ್ಟಡ ಅಂದರೆ ಐನ್‌ಮನೆ. ಒಂದೊಂದು ಒಕ್ಕಕ್ಕೆ ಒಂದೊಂದು ಮೂಲ ಮನೆ. ಕೊಡವರಲ್ಲೂ ಇದೆ, ಅರೆಭಾಷೆ ಗೌಡರಲ್ಲೂ ಇದೆ. ರಸ್ತೆಯಿಂದ ಎರಡೂ ಕಡೆ ಮಣ್ಣಿನ ದಂಡೆ ಇರುವ ಓಣಿಯಲ್ಲಿ ನಡೆದು ಹೋದರೆ ಅಂಗಳ, ಮೆಟ್ಟಿಲು, ಆಮೇಲೆ ಕೈಯಾಲೆ ಅನ್ನುವ ಜಗಲಿ. ಕಂಬದಿಂದ ಕಂಬಕ್ಕೆ ಹಾಸಿದ ದಪ್ಪ ಹಲಗೆ, ಐಮರ. ತಲೆತಲಾಂತರದಿಂದ ಹಿರಿಯರು ಕೂತು ಕೂತು ಆ ಮರ ಕನ್ನಡಿಯಂತೆ ನುಣುಪಾಗಿರುತ್ತದೆ. ಕೈ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಒಳಗೆ ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆಯಲ್ಲಿ ತೂಗುದೀಪ, ನೈಋತ್ಯದ ಮೂಲೆಯಲ್ಲಿ ಹಿರಿಯರ ಪೂಜೆಯ ಕನ್ನಿಕೊಂಬರೆ. ಹತ್ತಿರದಲ್ಲೇ ಕಾರಣವರ, ಅಂದರೆ ಕುಲದ ಹಿರಿಯರ ಗುಡಿ, ಕೈಮಡ.

ಆದರೆ ಇದು ಪ್ರವಾಸಿ ತಾಣ ಅಲ್ಲ, ಜನರ ಮನೆ. ಪರಿಚಯದವರ ಮೂಲಕ ಕೇಳಿಕೊಂಡು, ಅವರು ಬನ್ನಿ ಅಂದ ದಿನ ಹೋಗಿ. ಚಪ್ಪಲಿ ಅಂಗಳದಲ್ಲೇ ಬಿಡಿ. ದೀಪ, ಪೂಜೆಯ ಕೋಣೆ, ಕೈಮಡದ ಫೋಟೋ ತೆಗೆಯುವ ಮೊದಲು ಕೇಳಿ. ಕೈಲ್‌ಪೋದ್, ಪುತ್ತರಿ ಹಬ್ಬಗಳ ಸಮಯದಲ್ಲಿ ಮನೆಯವರೆಲ್ಲ ಸೇರಿರುತ್ತಾರೆ. ಕರೆದರೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ, ಕರೆಯದಿದ್ದರೆ ಅಂಥ ದಿನ ಹೋಗಲೇಬಾರದು. ಪರಿಚಯದವರು ಯಾರೂ ಇಲ್ಲದಿದ್ದರೆ, ಹಳೆಯ ಮನೆಯಲ್ಲೇ ಹೋಮ್‌ಸ್ಟೇ ನಡೆಸುವವರಿದ್ದಾರೆ. ಕೊಠಡಿ ಬುಕ್ ಮಾಡುವ ಮೊದಲು "ಮನೆ ಎಷ್ಟು ಹಳೆಯದು, ಐಮರ ಉಂಟಾ?" ಅಂತ ಕೇಳಿ. ಅಷ್ಟೂ ಆಗದವರಿಗೆ ಸಂದೂಕ ಅನ್ನುವ ಕೊಡವ ಸಂಸ್ಕೃತಿಯ ಆನ್‌ಲೈನ್ ಮ್ಯೂಸಿಯಂ ಇದೆ. ಮನೆಯಲ್ಲೇ ಕೂತು ನೋಡಬಹುದು. ಕೊಡಗಿಗೆ ಬರುವ ಮೊದಲು ನೋಡಿಕೊಂಡು ಬಂದರೆ ಪೀಚೆಕತ್ತಿ ಯಾವುದು, ಒಡಿಕತ್ತಿ ಯಾವುದು ಅಂತ ಮೊದಲೇ ಗೊತ್ತಿರುತ್ತದೆ.

ಮಳೆ, ಬಸ್ಸು, ಮೊಣಕಾಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಕ್ಕಬ್ಬೆ ಕಡೆ ಮಳೆ ಅಂದರೆ ಮಳೆ. ನಾಲ್ಕುನಾಡು ಅರಮನೆಯ ಒಳಗೆ ಆಗ ಬೆಳಕು ಇನ್ನೂ ಕಡಿಮೆ, ದಾರಿಯಲ್ಲಿ ಜಾರಿಕೆ, ಜಿಗಣೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟ ದಿನ ಗುಡ್ಡದ ರಸ್ತೆ ಬೇಡವೇ ಬೇಡ. ಮಳೆಗಾಲದಲ್ಲಿ ಬಂದವರು ಪೇಟೆಯಲ್ಲೇ ಉಳಿದು ಎರಡು ಮ್ಯೂಸಿಯಂ, ಓಂಕಾರೇಶ್ವರ ನೋಡಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎಲ್ಲಕ್ಕೂ ಒಳ್ಳೆಯ ಕಾಲ.

ವಯಸ್ಸಾದವರು, ಮೊಣಕಾಲು ನೋವಿರುವವರು ಜೊತೆಗಿದ್ದರೆ ತಿಮ್ಮಯ್ಯ ಮ್ಯೂಸಿಯಂ ಎಲ್ಲಕ್ಕಿಂತ ಸುಲಭ. ಓಂಕಾರೇಶ್ವರದಲ್ಲಿ ಮೆಟ್ಟಿಲು ಇಳಿಯಬೇಕು, ಕೈ ಹಿಡಿದು ಇಳಿಸಿದರೆ ತೊಂದರೆ ಇಲ್ಲ. ಗದ್ದಿಗೆಗೆ ಆಟೋ ಮಾಡಿಕೊಳ್ಳಿ. ನಾಲ್ಕುನಾಡಿನ ಒಳಗೆ ತಗ್ಗಿನ ಬಾಗಿಲು, ಕಡಿದಾದ ಮರದ ಮೆಟ್ಟಿಲು. ಅವರನ್ನು ಅಂಗಳದ ಮಂಟಪದ ಹತ್ತಿರ ಕೂರಿಸಿ ಮೇಲಿನದನ್ನು ನೀವು ನೋಡಿ ಬನ್ನಿ.

ಸರ್ಕಾರಿ ಮ್ಯೂಸಿಯಂಗಳಿಗೆ ವಾರದಲ್ಲಿ ಒಂದು ದಿನ ರಜೆ ಇರುತ್ತದೆ, ಸಾಮಾನ್ಯವಾಗಿ ಸೋಮವಾರ. ಶನಿವಾರ ಭಾನುವಾರದ ಜೊತೆ ಸೋಮವಾರ ರಜೆ ಹಾಕಿ ಬರುವವರು ಮ್ಯೂಸಿಯಂಗಳನ್ನು ಮೊದಲೆರಡು ದಿನದಲ್ಲೇ ಮುಗಿಸಿ ಗದ್ದಿಗೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಬಸ್ಸಿನಲ್ಲಿ ನಾಲ್ಕುನಾಡಿಗೆ ಹೋಗುವವರು ನಾಪೋಕ್ಲು ಕಕ್ಕಬ್ಬೆ ದಾರಿಯ ಬಸ್ ಹತ್ತಿ ಕೈಕಂಬದಲ್ಲಿ ಇಳಿಯಬೇಕು. ಅಲ್ಲಿಂದ ಅರಮನೆಗೆ ಏರುದಾರಿಯಲ್ಲಿ ನಡಿಗೆ, ಇಲ್ಲವೇ ಜೀಪು. ಹಿಂದಿರುಗುವ ಬಸ್ಸಿನ ಸಮಯವನ್ನು ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ, ಸಂಜೆ ಬಸ್ ಕಡಿಮೆ. ತಡಿಯಂಡಮೋಳ್ ಚಾರಣದ ದಾರಿ ಅರಮನೆಯ ಪಕ್ಕದಲ್ಲೇ ಹೋಗುತ್ತದೆ. ಬೆಟ್ಟ ಹತ್ತುವ ಹುಡುಗರು ಅರಮನೆಯನ್ನು 'ಇಳಿದು ಬಂದ ಮೇಲೆ ನೋಡೋಣ' ಅಂತ ಬಿಟ್ಟು ಹೋಗುತ್ತಾರೆ. ಇಳಿಯುವಷ್ಟರಲ್ಲಿ ಕಾಲು ಸೋತಿರುತ್ತದೆ, ಬಾಗಿಲು ಹಾಕುವ ಹೊತ್ತಾಗಿರುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೊದಲು ಅರಮನೆ ನೋಡಿ, ಆಮೇಲೆ ಬೆಟ್ಟ ಹತ್ತಿ.